ಕೊಳೆ ತೆಗೆ, ಸವೆತ ಬಿಡು

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಹಜಾರದ ಟೈಲು ನೆಲದ ಚಿತ್ರಗಳನ್ನು ಊಟವಾದ ಮೇಲೆ ಒಂದೊಂದಾಗಿ ದೊಡ್ಡದು ಮಾಡಿ ನೋಡಿದೆ. ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಆ ನೆಲವನ್ನು ಒಡೆಸಬೇಡ. ಇದನ್ನೆಲ್ಲ ಕಿತ್ತು ಲ್ಯಾಮಿನೇಟ್ ಹಾಕಿದರೆ ಎರಡು ದಿನದ ಕೆಲಸ ಎಂದು ಕಂಟ್ರಾಕ್ಟರು ಎಷ್ಟೇ ಹೇಳಲಿ, ಈ ಕಾಗದ ಪೂರ್ತಿ ಓದುವವರೆಗೆ ಒಂದು ಟೈಲನ್ನೂ ಮುಟ್ಟಲು ಬಿಡಬೇಡ. ಆ್ಯಸಿಡ್ ಹಾಕಿ ಉಜ್ಜಿಸಿದರೆ ಹೊಸದರ ಹಾಗೆ ಆಗುತ್ತದೆ ಅಂದರಂತಲ್ಲ, ಅದಕ್ಕಂತೂ ಒಪ್ಪಲೇಬೇಡ.

ನಿನಗೆ ಈಗ ಕಾಣುತ್ತಿರುವುದು ಕಪ್ಪು ಅಂಟು, ಬಣ್ಣದ ಕಲೆ, ಸಿಮೆಂಟಿನ ಗಂಟು, ಅಲ್ಲಲ್ಲಿ ಬಿರುಕು. ನನಗೆ ಕಂಡದ್ದು ಕೆಂಪು, ಹಾಲುಗೆನೆ, ಕಪ್ಪು ಬಣ್ಣದ ಚೌಕ ಮತ್ತು ಎಂಟು ಮೂಲೆಯ ಬಿಲ್ಲೆಗಳು, ಗೋಡೆಯುದ್ದಕ್ಕೂ ಓಡುವ ನೀಲಿ ಅಂಚು, ನಡುವೆ ಹೂವಿನ ಚಿತ್ತಾರದ ಟೈಲುಗಳ ಒಂದು ಸಾಲು. ಬಾಗಿಲಿಂದ ಮೆಟ್ಟಿಲವರೆಗೆ ವಿನ್ಯಾಸ ಎಲ್ಲೂ ಕಡಿದುಹೋಗಿಲ್ಲ. ಲಿವರ್‌ಪೂಲಿನ ನಿನ್ನ ಮನೆ 1890ರ ದಶಕದ್ದು ಅಂದೆ. ಅಲ್ಲಿಂದ ಇಲ್ಲಿಯವರೆಗೆ ಆ ನೆಲ ಎಷ್ಟು ಸಂಸಾರಗಳನ್ನು ಹೊತ್ತಿದೆಯೋ. ಅದು ಇನ್ನೂ ಗಟ್ಟಿಯಾಗಿದೆ.

ಅದು ಹೇಗೆ ಹುಟ್ಟಿತು ಅನ್ನುವುದನ್ನು ಸ್ವಲ್ಪ ಹೇಳುತ್ತೇನೆ. ಅದು ಗೊತ್ತಾದರೆ ಹೇಗೆ ತೊಳೆಯಬೇಕು ಅನ್ನುವುದು ತಾನಾಗಿ ಹೊಳೆಯುತ್ತದೆ.

ನಿನ್ನ ಹಜಾರದಲ್ಲಿ ಎರಡು ಬಗೆಯ ಟೈಲುಗಳಿವೆ. ಒಂದೇ ಬಣ್ಣದ ಸಣ್ಣ ಬಿಲ್ಲೆಗಳು ಒಂದು ಬಗೆ. ಅವನ್ನು ಜಿಯೊಮೆಟ್ರಿಕ್ ಟೈಲ್ಸ್ ಅನ್ನುತ್ತಾರೆ. ಹೂವಿನ ಚಿತ್ತಾರದವು ಇನ್ನೊಂದು ಬಗೆ, ಎನ್‌ಕಾಸ್ಟಿಕ್ ಟೈಲ್ಸ್. ಎರಡಕ್ಕೂ ಮೇಲೆ ಗಾಜಿನಂಥ ಹೊಳಪಿನ ಲೇಪವಿಲ್ಲ. ಬಣ್ಣ ಮಣ್ಣಿನಲ್ಲೇ ಇದೆ. ಕೆಂಪು ಮತ್ತು ಹಾಲುಗೆನೆ ಬಣ್ಣ ಆಯಾ ಜೇಡಿಮಣ್ಣಿನ ಸಹಜ ಬಣ್ಣ. ಕಪ್ಪಿಗೆ ಮ್ಯಾಂಗನೀಸ್, ನೀಲಿಗೆ ಕೋಬಾಲ್ಟ್ ಬೆರೆಸುತ್ತಿದ್ದರು. ಎನ್‌ಕಾಸ್ಟಿಕ್ ಟೈಲಿನ ಕೆಲಸ ಇನ್ನೂ ನಾಜೂಕು. ಅಚ್ಚಿನಲ್ಲಿ ಹಸಿಮಣ್ಣನ್ನು ಒತ್ತಿ ಚಿತ್ತಾರದ ಹಳ್ಳ ಮೂಡಿಸಬೇಕು. ಆ ಹಳ್ಳಕ್ಕೆ ಇನ್ನೊಂದು ಬಣ್ಣದ ಮಣ್ಣನ್ನು ಗಂಜಿಯಾಗಿ ಕಲಸಿ ಹೊಯ್ಯಬೇಕು. ಒಣಗಿಸಿ, ಮೇಲ್ಮೈ ಹೆರೆದು ಸಮ ಮಾಡಿ, ಆಮೇಲೆ ಆವಿಗೆಯಲ್ಲಿ ಸುಡಬೇಕು. ಹಾಗಾಗಿ ನೀನು ನೋಡುತ್ತಿರುವ ಹೂವು ರಂಗೋಲಿಯ ಹಾಗೆ ಮೇಲಷ್ಟೇ ಬಿದ್ದ ಬಣ್ಣವಲ್ಲ, ಕೆಲವು ಮಿಲಿಮೀಟರಿನಷ್ಟು ಒಳಕ್ಕೆ ಇಳಿದಿದೆ. ಅಷ್ಟು ಜನ ತುಳಿದರೂ ಅಳಿಸಿಹೋಗದಿರುವುದು ಅದಕ್ಕೇ.

ಇದರಲ್ಲಿ ಕಷ್ಟ ಏನೆಂದರೆ, ಎರಡು ಬಗೆಯ ಮಣ್ಣೂ ಒಣಗುವಾಗ, ಸುಡುವಾಗ ಒಂದೇ ಪ್ರಮಾಣದಲ್ಲಿ ಕುಗ್ಗಬೇಕು. ಇಲ್ಲದಿದ್ದರೆ ಚಿತ್ತಾರ ಬಿಟ್ಟುಕೊಂಡು ಬರುತ್ತದೆ, ಟೈಲು ಸೊಟ್ಟಗಾಗುತ್ತದೆ. ಮಧ್ಯಯುಗದ ಇಂಗ್ಲೆಂಡಿನ ಮಠ, ಚರ್ಚುಗಳಲ್ಲಿ ಇಂಥ ನೆಲಗಳಿದ್ದವು. ಆಮೇಲೆ ಆ ಕಸುಬೇ ಕಣ್ಮರೆಯಾಯಿತು. 1830ರಲ್ಲಿ ಸ್ಯಾಮ್ಯುಯೆಲ್ ರೈಟ್ ಅನ್ನುವವನು ಇಂಥ ಟೈಲು ತಯಾರಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಸ್ಟೋಕ್-ಆನ್-ಟ್ರೆಂಟ್‌ನ ಹರ್ಬರ್ಟ್ ಮಿಂಟನ್ ಅನ್ನುವವನು ಆ ಪೇಟೆಂಟಿನಲ್ಲಿ ಪಾಲು ಕೊಂಡು, ವರ್ಷಗಟ್ಟಲೆ ಸುಟ್ಟು, ಕೆಟ್ಟದ್ದನ್ನು ಎಸೆದು, ಮತ್ತೆ ಸುಟ್ಟು ಆ ಕಸುಬನ್ನು ಕೈವಶ ಮಾಡಿಕೊಂಡ. 1840ರಲ್ಲಿ ರಿಚರ್ಡ್ ಪ್ರಾಸರ್ ಒಣಮಣ್ಣಿನ ಪುಡಿಯನ್ನು ಯಂತ್ರದಲ್ಲಿ ಒತ್ತಿ ಅಂಗಿಯ ಗುಂಡಿ ಮಾಡುವ ಉಪಾಯ ಕಂಡುಹಿಡಿದ. ಅದೇ ಉಪಾಯದಿಂದ ಸಣ್ಣ ಬಿಲ್ಲೆಗಳನ್ನು ಬೇಗ, ಅಗ್ಗವಾಗಿ ಒತ್ತಲು ಬಂತು. ಮೊದಲು ಅರಮನೆ, ಚರ್ಚು, ಪಾರ್ಲಿಮೆಂಟಿನ ಪಾಲಾಗಿದ್ದ ನೆಲ, ಗುಮಾಸ್ತರು, ಅಂಗಡಿಯವರು ಇರುತ್ತಿದ್ದ ಸಾಲುಮನೆಗಳ ಹಜಾರಕ್ಕೂ ಬಂದದ್ದು ಹೀಗೆ. ನಿನ್ನ ಮನೆಯ ನೆಲ ಆ ಕಥೆಯ ಕೊನೆಯ ಭಾಗ.

ನಾನಿರುವ ಶ್ರಾಪ್‌ಶೈರಿನಲ್ಲೇ ಜ್ಯಾಕ್‌ಫೀಲ್ಡ್ ಇದೆ. ಮಾ ಅಂಡ್ ಕಂಪನಿ, ಕ್ರೇವನ್ ಡನಿಲ್ ಎಂಬ ಎರಡು ದೊಡ್ಡ ಕಾರ್ಖಾನೆಗಳು ಸೆವೆರ್ನ್ ನದಿಯ ದಡದ ಆ ಪುಟ್ಟ ಊರಿನಿಂದ ಜಗತ್ತಿಗೆಲ್ಲ ಟೈಲು ಕಳಿಸುತ್ತಿದ್ದವು. ಕ್ರೇವನ್ ಡನಿಲ್ ಕಾರ್ಖಾನೆ ಈಗ ಮ್ಯೂಸಿಯಂ. ಅದೇ ಆವರಣದಲ್ಲಿ ಇವತ್ತಿಗೂ ಹಳೆಯ ಪದ್ಧತಿಯಲ್ಲಿ ಟೈಲು ತಯಾರಾಗುತ್ತದೆ. ನೀನು ಬಂದಾಗ ಕರೆದುಕೊಂಡು ಹೋಗುತ್ತೇನೆ. ಒಂದು ಮಾತು ನಿನಗೆ ಖುಷಿ ಕೊಡುತ್ತದೆ. ಮೈಸೂರಿನ ಅಂಬಾವಿಲಾಸ ಅರಮನೆಯ ಕಲ್ಯಾಣ ಮಂಟಪ ನೆನಪಿದೆಯಲ್ಲ? ನಾವೆಲ್ಲ ಕತ್ತೆತ್ತಿ ನವಿಲಿನ ಗಾಜಿನ ಚಾವಣಿಯನ್ನು ನೋಡುತ್ತ ನಿಂತಿದ್ದೆವು. ಆ ಚಾವಣಿ ಬಂದದ್ದು ಗ್ಲಾಸ್ಗೋದಿಂದ. ನಮ್ಮ ಕಾಲ ಕೆಳಗೂ ನವಿಲಿನ ಚಿತ್ತಾರವೇ ಇತ್ತು, ಅದರ ಟೈಲುಗಳು ಬಂದದ್ದು ಇಂಗ್ಲೆಂಡಿನಿಂದ. 1912ರಲ್ಲಿ ಮುಗಿದ ಆ ಅರಮನೆಯ ನೆಲವೂ ನಿನ್ನ ಲಿವರ್‌ಪೂಲ್ ಮನೆಯ ನೆಲವೂ ಒಂದೇ ಕಸುಬಿನ ಕೂಸುಗಳು.

ಈಗ ಕೆಲಸಕ್ಕೆ ಬರೋಣ.

ಮೊದಲನೆಯದು ನಿನ್ನ ಮತ್ತು ಮಗುವಿನ ಆರೋಗ್ಯ. ಕಾರ್ಪೆಟ್ಟಿನ ಕೆಳಗೆ ಹಾರ್ಡ್‌ಬೋರ್ಡ್, ಅದರ ಕೆಳಗೆ ಕಪ್ಪು ಅಂಟು ಅಂದೆಯಲ್ಲ, ಅದನ್ನು ಸದ್ಯ ಕೆರೆಯಬೇಡ, ಉಜ್ಜಬೇಡ, ಒಣ ಪೊರಕೆಯಿಂದ ಗುಡಿಸಲೂ ಬೇಡ. ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ಈ ದೇಶದ ಎಷ್ಟೋ ಮನೆಗಳಲ್ಲಿ ಹಳೆಯ ನೆಲದ ಮೇಲೆ ಡಾಂಬರಿನಂಥ ಅಂಟು ಹಚ್ಚಿ ವಿನೈಲ್, ಲಿನೋಲಿಯಂ ಅಂಟಿಸಿದರು. ಆ ಕಾಲದ ಕೆಲವು ಅಂಟು, ಕೆಲವು ನೆಲಹಾಸುಗಳಲ್ಲಿ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್ ಇರುತ್ತಿತ್ತು. ಬ್ರಿಟನ್ನಿನಲ್ಲಿ ಅದನ್ನು ಪೂರ್ತಿ ನಿಷೇಧಿಸಿದ್ದು 1999ರಲ್ಲಿ. ಅದರ ಎಳೆ ಧೂಳಾಗಿ ಎದೆಯೊಳಗೆ ಹೋದರೆ ದಶಕಗಳಾದ ಮೇಲೂ ಪ್ರಾಣಕ್ಕೆ ಎರವಾಗಬಹುದು. ಒಂದು ಚೂರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸು. ಚೂರು ತೆಗೆಯುವುದನ್ನೂ ಬಲ್ಲವರಿಗೇ ಬಿಡು. ಕಲ್ನಾರು ಇದೆ ಎಂದು ಬಂದರೆ ತೆಗೆಯುವ ಕೆಲಸವೂ ಅವರದೇ. ಗೋಡೆಯಂಚಿನಲ್ಲಿ ಬಿದ್ದಿರುವ ಹಳೆಯ ಬಣ್ಣದ ಹನಿಗಳಲ್ಲಿ ಸೀಸ ಇರಬಹುದು. ಅವನ್ನು ಮರಳುಕಾಗದದಿಂದ ಒಣಗಾಗಿ ಉಜ್ಜಬಾರದು, ಒದ್ದೆ ಮಾಡಿಯೇ ತೆಗೆಯಬೇಕು. ಅಲ್ಲಿಯವರೆಗೆ ಮಗುವನ್ನು ಆ ಕಡೆ ಅಂಬೆಗಾಲಿಡಲು ಬಿಡಬೇಡ.

ಹೀಗೆ ಮುಚ್ಚಿದವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಆ ಕಾಲಕ್ಕೆ ಈ ನೆಲ ತಣ್ಣಗಿನ, ಹಳೇ ಕಾಲದ, ಬಡತನ ನೆನಪಿಸುವ ವಸ್ತುವಾಗಿ ಕಂಡಿತ್ತು. ಮುಚ್ಚಿದ್ದರಿಂದಲೇ ಎಷ್ಟೋ ನೆಲಗಳು ಉಳಿದಿವೆ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬಿಯ ಚಾಪ್ಟರ್ ಹೌಸಿನಲ್ಲಿ 1250ರ ದಶಕದ ಟೈಲು ನೆಲವಿದೆ. ಆ ಕಟ್ಟಡವನ್ನು ಶತಮಾನಗಳ ಕಾಲ ಸರಕಾರಿ ಕಡತಗಳ ಉಗ್ರಾಣ ಮಾಡಿಕೊಂಡಿದ್ದರು, ನೆಲದ ಮೇಲೆ ಮರದ ಹಲಗೆ ಹಾಸಿದ್ದರು. ಹಲಗೆಯ ಕೆಳಗೆ ಅದು ಬಣ್ಣ ಕಳೆದುಕೊಳ್ಳದೆ ಉಳಿಯಿತು. ಮಿಂಟನ್ ಕಂಪನಿ 1840ರ ದಶಕದ ಮೊದಲಲ್ಲಿ ಟೆಂಪಲ್ ಚರ್ಚಿನ ನೆಲಕ್ಕೆ ಟೈಲು ಮಾಡುವಾಗ ಮಾದರಿಯಾಗಿ ತೆಗೆದುಕೊಂಡದ್ದು ಆ ಉಳಿದ ಚಿತ್ತಾರಗಳನ್ನೇ. ನಿನ್ನ ಲಿವರ್‌ಪೂಲಿನಲ್ಲೇ ಇನ್ನೊಂದು ಉದಾಹರಣೆ ಇದೆ. 1854ರಲ್ಲಿ ತೆರೆದ ಸೇಂಟ್ ಜಾರ್ಜ್ಸ್ ಹಾಲಿನಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಮಿಂಟನ್ ಟೈಲುಗಳ ನೆಲವಿದೆ. ಅದನ್ನು ಕಾಪಾಡಲೆಂದೇ ಹಲಗೆಗಳಿಂದ ಮುಚ್ಚಿಡುತ್ತಾರೆ, ಆಗಾಗ ಕೆಲವು ದಿನ ಮಾತ್ರ ಜನರಿಗೆ ತೆರೆದು ತೋರಿಸುತ್ತಾರೆ. ಮುಂದಿನ ಸಲ ತೆರೆದಾಗ ತಪ್ಪದೆ ಹೋಗಿ ನೋಡು. ಒಳ್ಳೆಯದಾಗಿ ಉಳಿದ ಇಂಥ ನೆಲ ಹೇಗಿರುತ್ತದೆ ಎಂದು ಒಮ್ಮೆ ಕಣ್ಣಿಗೆ ಬಿದ್ದರೆ, ನಿನ್ನ ಮನೆಯದನ್ನು ಎಷ್ಟು ತೊಳೆದರೆ ಸಾಕು ಅನ್ನುವುದು ಅರ್ಥವಾಗುತ್ತದೆ.

ಎರಡನೆಯದು ಪಸೆ. ಇದನ್ನು ಗಮನವಿಟ್ಟು ಓದು. ಈ ನೆಲಗಳನ್ನು ನಾಶ ಮಾಡಿದ ತಪ್ಪುಗಳಲ್ಲಿ ಬಹುಪಾಲು ಇಲ್ಲೇ ಆಗಿರುವುದು. ಈಗಿನ ಮನೆಗಳಲ್ಲಿ ನೆಲದ ಕೆಳಗೆ ಪಸೆ ತಡೆಯುವ ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ವಿಕ್ಟೋರಿಯಾ ಕಾಲದ ಮನೆಗಳಲ್ಲಿ ಅದಿಲ್ಲ. ಮಣ್ಣು, ಇಟ್ಟಿಗೆ ಚೂರು, ಅದರ ಮೇಲೆ ಗಾರೆ, ಗಾರೆಯ ಮೇಲೆ ಟೈಲು. ನೆಲದೊಳಗಿನ ಪಸೆ ಸದಾ ಮೇಲಕ್ಕೆ ಬರುತ್ತಲೇ ಇರುತ್ತದೆ, ಟೈಲು ಮತ್ತು ಸಂದುಗಳ ಮೂಲಕ ಗಾಳಿಗೆ ಆರಿಹೋಗುತ್ತದೆ. ಹಾಗೆ ಆರಿಹೋಗುವವರೆಗೆ ನೆಲಕ್ಕೆ ಏನೂ ತೊಂದರೆಯಿಲ್ಲ. ಮೇಲೆ ಗಾಳಿಯಾಡದ ಸೀಲರ್ ಬಳಿದರೆ ಪಸೆ ಕೆಳಗೇ ಸಿಕ್ಕಿಕೊಳ್ಳುತ್ತದೆ. ಅದರಲ್ಲಿ ಕರಗಿರುವ ಉಪ್ಪು ಟೈಲಿನ ಮೈಯೊಳಗೇ ಹರಳುಗಟ್ಟಿ ಮೇಲ್ಪದರವನ್ನು ಸಿಡಿಸುತ್ತದೆ. ಸೀಲರ್ ಬೆಳ್ಳಗೆ ಮಬ್ಬಾಗಿ ಸುಲಿಯುತ್ತದೆ. ಮನೆ ಮಾರುವ ಮುಂಚೆ ಹೊಳಪಿನ ಸೀಲರ್ ಬಳಿದು, ಎರಡನೇ ಚಳಿಗಾಲಕ್ಕೆ ನೆಲವೆಲ್ಲ ಬಿಳಿ ತೇಪೆಯಾದ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಹಾಗಾಗಿ ನೆಲಕ್ಕೆ ಕೈ ಹಚ್ಚುವ ಮುಂಚೆ ಮನೆಯನ್ನು ನೋಡು. ಹೊರಗಿನ ಮಣ್ಣು ಹೊಸಿಲಿಗಿಂತ ಎತ್ತರಕ್ಕೆ ಬಂದಿದೆಯೇ? ಸೂರಿನ ನೀರಿನ ಪೈಪು ಎಲ್ಲಾದರೂ ಸೋರುತ್ತಿದೆಯೇ? ಹಜಾರದ ಕೆಳಗೆ ಹಳೆಯ ನೀರಿನ ಪೈಪು ಹಾದುಹೋಗಿದೆಯೇ? ಆಮೇಲೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪು ಹಚ್ಚಿ ನೆಲಕ್ಕೆ ಅಂಟಿಸಿ ಒಂದೆರಡು ದಿನ ಬಿಡು. ಹಾಳೆಯ ಕೆಳಗೆ ನೀರಿನ ಹನಿ ಮೂಡಿದರೆ, ಟೈಲಿನ ಬಣ್ಣ ಗಾಢವಾದರೆ, ಪಸೆ ಮೇಲೆ ಬರುತ್ತಿದೆ ಎಂದು ಅರ್ಥ. ಸೋರಿಕೆ ಇದ್ದರೆ ಮೊದಲು ಅದನ್ನು ನಿಲ್ಲಿಸಬೇಕು. ಅದು ನಿಲ್ಲದೆ ನೆಲ ತೊಳೆದರೆ ಪ್ರಯೋಜನವಿಲ್ಲ.

ಮೂರನೆಯದು ತೊಳೆಯುವುದು. ಯಾವುದನ್ನೂ ಮೊದಲು ಮೆಟ್ಟಿಲ ಕೆಳಗಿನ ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ ಪರೀಕ್ಷಿಸು. ಒಣಗಿದ ಮೇಲೆ ನೋಡಿ, ಸರಿಯಿದ್ದರೆ ಮಾತ್ರ ಮುಂದುವರಿ. ಮೆತ್ತನೆ ಬ್ರಶ್ಶು ಹಾಕಿದ ವ್ಯಾಕ್ಯೂಮಿನಿಂದ ಮರಳು, ಧೂಳನ್ನೆಲ್ಲ ಎಳೆದು ತೆಗೆ. ಒಂದು ಕಣ ಮರಳು ಉಳಿದರೂ ಉಜ್ಜುವಾಗ ಅದು ಟೈಲನ್ನು ಗೀರುತ್ತದೆ. ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ, ಪಿಎಚ್ ನ್ಯೂಟ್ರಲ್ ಎಂದು ಬರೆದ ಕ್ಲೀನರನ್ನು ಬೆಚ್ಚಗಿನ ನೀರಿಗೆ ಬೆರೆಸಿ, ಒಂದು ಸಲಕ್ಕೆ ಒಂದು ಚದರ ಮೀಟರಿನಷ್ಟು ಜಾಗಕ್ಕೆ ಮಾತ್ರ ಹಚ್ಚು. ಹತ್ತು ಹದಿನೈದು ನಿಮಿಷ ನೆನೆಯಲಿ, ಆದರೆ ಒಣಗಬಾರದು. ಬಿಳಿಯ ನೈಲಾನ್ ಪ್ಯಾಡಿನಿಂದ ಸುತ್ತಿಸುತ್ತಿ ಉಜ್ಜು. ಸಂದುಗಳಿಗೆ ಹಳೆಯ ಹಲ್ಲುಜ್ಜುವ ಬ್ರಶ್ಶು ಸಾಕು. ಎದ್ದ ಕೊಳೆನೀರನ್ನು ಅಲ್ಲೇ ಒಣಗಲು ಬಿಡದೆ, ನೀರೆಳೆಯುವ ವ್ಯಾಕ್ಯೂಮಿನಿಂದ ತೆಗೆ. ಶುದ್ಧ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮತ್ತೆ ಮತ್ತೆ ಒರೆಸು, ಬಟ್ಟೆಗೆ ಕೊಳೆ ಹತ್ತದಂತಾಗುವವರೆಗೆ. ನಮ್ಮಲ್ಲಿ ಹಬ್ಬದ ಹಿಂದಿನ ದಿನ ಬಕೆಟ್ಟುಗಟ್ಟಲೆ ನೀರು ಸುರಿದು ಅಂಗಳ ತೊಳೆಯುವ ಅಭ್ಯಾಸ ನಿನ್ನ ಕೈಯಲ್ಲಿದೆ. ಇಲ್ಲಿ ಅದು ಕೂಡದು. ಸುರಿದ ನೀರು ಗಾರೆಗೆ ಇಳಿದು ಉಪ್ಪನ್ನು ಕರಗಿಸಿ ಮೇಲೆ ತರುತ್ತದೆ.

ಹಳೆಯ ಮೇಣ, ಪಾಲಿಶ್ ಪದರ ಕಟ್ಟಿಕೊಂಡಿದ್ದರೆ ಅದನ್ನು ಸಡಿಲಿಸುವ ಸ್ಟ್ರಿಪ್ಪರು ಬೇಕಾಗುತ್ತದೆ. ಕಿಟಕಿ ತೆರೆದಿಟ್ಟು, ಕೈಗವಸು ಹಾಕಿ, ಕಡಿಮೆ ಕಡಿಮೆ ಹಚ್ಚು. ಬಣ್ಣದ ಹನಿಗಳನ್ನು ಅದೇ ಬಗೆಯ ಸ್ಟ್ರಿಪ್ಪರಿನಿಂದ ಮೆತ್ತಗೆ ಮಾಡಿ ಪ್ಲಾಸ್ಟಿಕ್ ಅಥವಾ ಮರದ ಚಪ್ಪಟೆ ಕಡ್ಡಿಯಿಂದ ಎತ್ತು. ಎಣ್ಣೆಯಂಥ ಆಳದ ಕಲೆಗೆ ಪೋಲ್ಟೀಸು ಕಟ್ಟಬೇಕು. ಹೀರುವ ಗುಣದ ಬಿಳಿಮಣ್ಣಿನ ಪುಡಿಗೆ ಕ್ಲೀನರ್ ಬೆರೆಸಿ ಹದವಾಗಿ ಕಲಸಿ, ಕಲೆಯ ಮೇಲೆ ದಪ್ಪಗೆ ಮೆತ್ತಿ ಒಣಗಲು ಬಿಟ್ಟರೆ ಕಲೆಯನ್ನು ಅದೇ ಹೀರಿಕೊಳ್ಳುತ್ತದೆ. ಒಂದು ಸಲಕ್ಕೆ ಹೋಗದಿದ್ದರೆ ಇನ್ನೊಂದು ಸಲ ಮಾಡು. ಕಾರ್ಪೆಟ್ ಹಿಡಿಯಲು ಅಂಚಿನುದ್ದಕ್ಕೂ ಮೊಳೆಪಟ್ಟಿ ಹೊಡೆದಿದ್ದಾರೆ. ಅದನ್ನು ಮೀಟುವಾಗ ಸಲಾಕೆಯ ಕೆಳಗೆ ಒಂದು ಹಲಗೆ ತುಂಡು ಇಡು, ಭಾರ ಟೈಲಿನ ಮೇಲೆ ಬೀಳದಿರಲಿ. ಮೊಳೆಯ ಸಣ್ಣ ತೂತುಗಳನ್ನು ಬಣ್ಣ ಹೊಂದಿಸಿದ ಫಿಲ್ಲರಿನಿಂದ ತುಂಬಬಹುದು.

ಕೂಡದ್ದನ್ನೂ ಹೇಳಿಬಿಡುತ್ತೇನೆ. ಹೈಡ್ರೊಕ್ಲೋರಿಕ್ ಆ್ಯಸಿಡ್ ಸಿಮೆಂಟಿನ ಗಂಟನ್ನು ಕರಗಿಸುತ್ತದೆ, ನಿಜ. ಆದರೆ ಟೈಲುಗಳನ್ನು ಹಿಡಿದಿರುವ ಗಾರೆಯನ್ನೂ ಸಂದುಗಳನ್ನೂ ಜೊತೆಗೇ ತಿನ್ನುತ್ತದೆ, ಹೋಗುವಾಗ ಹೊಸ ಉಪ್ಪನ್ನು ಬಿಟ್ಟುಹೋಗುತ್ತದೆ. ಬ್ಲೀಚು, ಸೋಡಾ ಕೂಡ ಉಪ್ಪು ಬಿಡುತ್ತವೆ. ತಂತಿ ಬ್ರಶ್ಶು, ಉಕ್ಕಿನ ನಾರು ಗೀರುತ್ತವೆ, ಮುರಿದ ಚೂರುಗಳು ಸಂದಿನಲ್ಲಿ ಕೂತು ತುಕ್ಕು ಹಿಡಿಯುತ್ತವೆ. ಯಂತ್ರದಿಂದ ಮೇಲ್ಮೈಯನ್ನೇ ಅರೆದು ನುಣ್ಣಗೆ ಮಾಡಿಕೊಡುತ್ತೇವೆ ಅನ್ನುವವರೂ ಬರುತ್ತಾರೆ. ಬೆಂಕಿಯಲ್ಲಿ ಬೆಂದು ಗಟ್ಟಿಯಾದ ಮೇಲ್ಪದರ ಒಂದು ಸಲ ಹೋದರೆ ಯಾರೂ ಅದನ್ನು ಮರಳಿ ಕೊಡಲಾರರು. ಸಿಮೆಂಟಿನ ಗಂಟುಗಳನ್ನು ಸಣ್ಣ ಉಳಿಯಿಂದ, ಓರೆಯಾಗಿ, ತಾಳ್ಮೆಯಿಂದ ಎಬ್ಬಿಸುವುದೇ ಸರಿ.

ತೊಳೆದ ಮೇಲೆ ಬಿಳಿ ಉಪ್ಪು ಹೊಮ್ಮಿದರೆ ಹೆದರಬೇಡ. ಒದ್ದೆ ಬಟ್ಟೆಯಿಂದ ಒರೆಸಿದರೆ ಅದು ಕರಗಿ ಮತ್ತೆ ಒಳಕ್ಕೆ ಇಳಿಯುತ್ತದೆ. ಒಣ ಬ್ರಶ್ಶಿನಿಂದ ಎಬ್ಬಿಸಿ ವ್ಯಾಕ್ಯೂಮಿಗೆ ಕೊಡು. ವಾರಗಳು ಕಳೆದಂತೆ ಕಡಿಮೆಯಾಗುತ್ತ ಬರುತ್ತದೆ.

ನಾಲ್ಕನೆಯದು ಸಡಿಲ ಮತ್ತು ಒಡಕು. ಗೆಣ್ಣಿನಿಂದ ತಟ್ಟಿದರೆ ಕೆಲವು ಕಡೆ ಟೊಳ್ಳು ಸದ್ದು ಬರುತ್ತದೆ. ಟೊಳ್ಳಾದದ್ದೆಲ್ಲ ಕಿತ್ತು ಬರುವುದಿಲ್ಲ. ಕಾಲಿಟ್ಟಾಗ ಅಲುಗದಿದ್ದರೆ ಹಾಗೇ ಬಿಡು. ಅಲುಗುವುದನ್ನು ಮಾತ್ರ ಎತ್ತಬೇಕು. ಎತ್ತುವ ಮುಂಚೆ ಚಿತ್ರ ತೆಗೆ, ಕಾಗದದಲ್ಲಿ ನಕ್ಷೆ ಬರೆ, ಪ್ರತಿ ಬಿಲ್ಲೆಗೂ ಟೇಪು ಅಂಟಿಸಿ ಸಂಖ್ಯೆ ಹಾಕು. ಬೆನ್ನಿಗೆ ಅಂಟಿದ ಹಳೆಯ ಗಾರೆಯನ್ನು ಕೆರೆದು ತೆಗೆದು ಮತ್ತೆ ಅದೇ ಜಾಗಕ್ಕೆ ಕೂರಿಸಬೇಕು. ಒಂದು ಬಿಲ್ಲೆ ಹೋದ ಕಡೆ ಪಕ್ಕದವುಗಳ ಆಸರೆ ಹೋಗುತ್ತದೆ, ಒಂದೊಂದಾಗಿ ಅವೂ ಏಳುತ್ತವೆ. ಅದಕ್ಕೆ ಸರಿಯಾದ ಬಿಲ್ಲೆ ಸಿಗುವವರೆಗೆ ಆ ಗುಂಡಿಯನ್ನು ಸುಣ್ಣದ ತೆಳು ಗಾರೆಯಿಂದ ತುಂಬಿಡು. ಬಾಗಿಲ ಹತ್ತಿರದ ಉದ್ದ ಬಿರುಕು ನೆಲ ಕೆಳಗೆ ಕುಸಿದದ್ದರಿಂದ ಆದದ್ದಿರಬಹುದು. ಅದು ಬೆಳೆಯುತ್ತಿದೆಯೇ ಎಂದು ಕೆಲವು ತಿಂಗಳು ಗಮನಿಸು. ಬೆಳೆಯದಿದ್ದರೆ ಕೂದಲೆಳೆಯ ಬಿರುಕನ್ನು ಮುಟ್ಟುವ ಅಗತ್ಯವೇ ಇಲ್ಲ.

ಹೊಸ ಬಿಲ್ಲೆ ಕೊಳ್ಳುವಾಗ ಅಳತೆ ನೋಡು. ಹಳೆಯವು ಅಂಗುಲದ ಲೆಕ್ಕದವು, ದಪ್ಪ ಸುಮಾರು ಅರ್ಧ ಅಂಗುಲ. ಈಗಿನವು ಸಾಮಾನ್ಯವಾಗಿ ತೆಳ್ಳಗಿರುತ್ತವೆ, ಕೆಳಗೆ ಗಾರೆ ಹೆಚ್ಚಿಸಿ ಮಟ್ಟ ಸರಿಮಾಡಬೇಕು. ಹಳೆಯ ಕಟ್ಟಡಗಳ ಸಾಮಾನು ಮಾರುವ ಅಂಗಡಿಗಳಲ್ಲಿ ಅದೇ ಕಾಲದ ಬಿಲ್ಲೆಗಳು ಸಿಗುತ್ತವೆ. ಅದಕ್ಕಿಂತ ಒಳ್ಳೆಯ ಉಪಾಯವೊಂದಿದೆ. ನಿನ್ನ ಮನೆಯ ಮೆಟ್ಟಿಲ ಕೆಳಗಿನ ಕಪಾಟಿನೊಳಗೂ ಇದೇ ಬಿಲ್ಲೆಗಳು ಇವೆಯೇ ನೋಡು. ಇದ್ದರೆ ಅಲ್ಲಿಂದ ತೆಗೆದು ಎದುರಿಗೆ ಕಾಣುವ ಕಡೆ ಹಾಕಿ, ಹೊಸದನ್ನು ಕಪಾಟಿನೊಳಗೆ ಹಾಕು. ಹಳೆಯವುಗಳ ನಡುವೆ ಸಂದೇ ಇಲ್ಲದಷ್ಟು ಒತ್ತಾಗಿ ಕೂರಿಸಿರುತ್ತಾರೆ. ನೀನೂ ಹಾಗೇ ಮಾಡಿಸು. ಸಂದಿಗೆ ಬಿಳಿಯ ಗ್ರೌಟು ಬೇಡ, ಬೂದುಬಣ್ಣದ್ದು ಸಾಕು. ನಿನ್ನ ಮನೆ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದ್ದರೆ ನೆಲ ಬದಲಿಸಲು ಪುರಸಭೆಯ ಒಪ್ಪಿಗೆ ಬೇಕು, ಅದನ್ನೂ ವಿಚಾರಿಸು.

ಇಷ್ಟೆಲ್ಲ ಆದ ಮೇಲೂ ಆ ನೆಲ ಹೊಸದಾಗಿ ಕಾಣುವುದಿಲ್ಲ ಪುಟ್ಟಿ. ಕಾಣಬಾರದು ಕೂಡ. ಬಾಗಿಲ ಹತ್ತಿರ ಜನ ಹೆಜ್ಜೆ ಇಟ್ಟ ಕಡೆ ತುಸು ತಗ್ಗಾಗಿದೆ, ಮೊದಲ ಮೆಟ್ಟಿಲ ಮುಂದೆ ಹೂವಿನ ಎಸಳು ಮಸುಕಾಗಿದೆ. ಇದನ್ನೂ ಸರಿ ಮಾಡಬಹುದೇ ಎಂದು ಕೇಳಿದ್ದೀಯ. ಕೊಳೆ ಬೇರೆ, ಸವೆತ ಬೇರೆ. ಕೊಳೆ ಹೊರಗಿನಿಂದ ಬಂದು ಕೂತದ್ದು, ಅದನ್ನು ತೆಗೆಯಬೇಕು. ಸವೆತ ಆ ಮನೆಯಲ್ಲಿ ಬಾಳಿದವರು ಬಿಟ್ಟುಹೋದದ್ದು, ಅದನ್ನು ಬಿಡಬೇಕು. 1877ರಲ್ಲಿ ವಿಲಿಯಂ ಮಾರಿಸ್ ಹಳೆಯ ಕಟ್ಟಡಗಳ ರಕ್ಷಣೆಗೆ ಒಂದು ಸಂಘ ಕಟ್ಟಿದ. ಆಗ ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಚರ್ಚುಗಳ ಗೋಡೆಗಳನ್ನು ಕೆರೆದು ಹೊಸದು ಮಾಡುತ್ತಿದ್ದರು. ಕೆರೆಯಬೇಡಿ, ದುರಸ್ತಿ ಮಾಡಿ, ದಿನದಿನದ ಆರೈಕೆಯಿಂದ ಉಳಿಸಿ ಅನ್ನುವುದು ಆ ಸಂಘದ ನಿಲುವು. ಆ ಸಂಘ ಇಂದಿಗೂ ಇದೆ, ಈ ದೇಶದ ಒಳ್ಳೆಯ ಕೆಲಸಗಾರರೆಲ್ಲ ಆ ಮಾತಿಗೆ ತಲೆಬಾಗುತ್ತಾರೆ. ಪೂರ್ತಿ ಸವೆದುಹೋದರೆ ಬದಲಿಸಲೇಬೇಕು, ನಿಜ. ವಾಷಿಂಗ್ಟನ್ನಿನ ಕ್ಯಾಪಿಟಲ್ ಭವನಕ್ಕೆ 1850ರ ದಶಕದಲ್ಲಿ ಹಾಕಲು ಶುರುಮಾಡಿದ ಮಿಂಟನ್ ಟೈಲುಗಳು ಸವೆದಾಗ, 1980ರ ದಶಕದಲ್ಲಿ ಸ್ಟೋಕ್-ಆನ್-ಟ್ರೆಂಟ್‌ನಿಂದಲೇ ಹಳೆಯ ಪದ್ಧತಿಯ ಟೈಲು ಮಾಡಿಸಿ ತರಿಸಿದರು. ನಿನ್ನ ನೆಲ ಆ ಸ್ಥಿತಿಗೆ ಬಂದಿಲ್ಲ. ಇನ್ನೂ ಬಹಳ ಕಾಲ ಬಾಳುತ್ತದೆ.

ನಾನು ಇಷ್ಟು ಒತ್ತಾಯ ಮಾಡುವುದಕ್ಕೆ ಇನ್ನೊಂದು ಕಾರಣ ನಿನಗೆ ಗೊತ್ತು. ಊರಿನ ಮನೆಯ ಕೆಂಪು ನೆಲ ಹೋದಾಗ ನಾವಿಬ್ಬರೂ ಅಲ್ಲಿರಲಿಲ್ಲ. ಅಜ್ಜಿ ಅಂಗೈಯಲ್ಲಿ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ ಕನ್ನಡಿಯಂತೆ ಇಟ್ಟಿದ್ದ ರೆಡ್ ಆಕ್ಸೈಡ್ ನೆಲದ ಮೇಲೆ ವಿಟ್ರಿಫೈಡ್ ಟೈಲು ಹಾಕಿಸಿದ್ದಾಯಿತು. ಅಲ್ಲಲ್ಲಿ ಬಿರುಕು ಬಿಟ್ಟಿತ್ತು ಅಂತ ಕಾರಣ ಹೇಳಿದರು. ಅಂಥ ನೆಲ ಹಾಕುವ ಕೈಗಳು ಈಗ ನಮ್ಮಲ್ಲಿ ಅಪರೂಪ. ಅಲ್ಲಿ ನಮಗೆ ಹೇಳಲು ಅವಕಾಶವೇ ಇರಲಿಲ್ಲ. ಇಲ್ಲಿ ನಿರ್ಧಾರ ನಿನ್ನ ಕೈಯಲ್ಲಿದೆ. ಹಾಗೆಂದು ಅಜ್ಜಿಯ ನೆನಪಿಗೆ ಈ ನೆಲಕ್ಕೂ ಎಣ್ಣೆ ಹಚ್ಚಬೇಡ. ರೆಡ್ ಆಕ್ಸೈಡ್ ನೆಲಕ್ಕೆ ಒಪ್ಪುವುದು ಇದಕ್ಕೆ ಒಪ್ಪುವುದಿಲ್ಲ. ಎಣ್ಣೆ ಟೈಲಿನೊಳಗೆ ಇಳಿದು ಬಣ್ಣವನ್ನು ಕಪ್ಪಾಗಿಸುತ್ತದೆ, ಜಿಡ್ಡಾಗಿ ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ.

ಕೊನೆಯದು ದಿನದ ಆರೈಕೆ. ನೆಲ ಪೂರ್ತಿ ಒಣಗಿದ ಮೇಲೆ, ಚಳಿಗಾಲವಾದರೆ ಇನ್ನಷ್ಟು ದಿನ ಕಾದು, ಬೇಕೆನಿಸಿದರೆ ಗಾಳಿಯಾಡಲು ಬಿಡುವ, ಟೈಲಿನೊಳಗೆ ಇಳಿಯುವ ಬಗೆಯ ಸೀಲರನ್ನು ತೆಳ್ಳಗೆ ಹಚ್ಚಬಹುದು. ಹೆಚ್ಚಾದದ್ದನ್ನು ಆಗಲೇ ಒರೆಸಿಬಿಡಬೇಕು. ಪಸೆ ಜಾಸ್ತಿ ಇದ್ದರೆ ಏನೂ ಹಚ್ಚದಿರುವುದೇ ಮೇಲು. ಆಮೇಲೆ ದಿನವೂ ಮೆತ್ತನೆ ಪೊರಕೆ, ವಾರಕ್ಕೊಮ್ಮೆ ಚೆನ್ನಾಗಿ ಹಿಂಡಿದ ಮಾಪು, ಸಾಕು. ಬೂಟಿನ ಜೊತೆ ಬರುವ ಮರಳೇ ಈ ನೆಲದ ದೊಡ್ಡ ಶತ್ರು. ಬಾಗಿಲ ಹೊರಗೊಂದು ಒಳಗೊಂದು ತೆಂಗಿನ ನಾರಿನ ಚಾಪೆ ಹಾಕು. ಬೆನ್ನಿಗೆ ರಬ್ಬರು ಅಂಟಿಸಿದ ಚಾಪೆ ಬೇಡ, ಅದರ ಕೆಳಗೆ ಪಸೆ ನಿಲ್ಲುತ್ತದೆ. ನಮ್ಮ ಪದ್ಧತಿಯಂತೆ ಚಪ್ಪಲಿ, ಬೂಟು ಬಾಗಿಲಲ್ಲೇ ಬಿಡುವ ಮನೆ ನಿನ್ನದು. ಈ ನೆಲಕ್ಕೆ ಅದಕ್ಕಿಂತ ಒಳ್ಳೆಯ ಆರೈಕೆ ಇಲ್ಲ.

ಈ ವಾರ ನೀನು ಮಾಡಬೇಕಾದ್ದು ಎರಡೇ ಕೆಲಸ. ಕಂಟ್ರಾಕ್ಟರಿಗೆ ಹಜಾರದ ಕೆಲಸ ನಿಲ್ಲಿಸಲು ಹೇಳು, ಕಪ್ಪು ಅಂಟಿನ ಪರೀಕ್ಷೆಗೆ ಏರ್ಪಾಡು ಮಾಡು. ವರದಿ ಬಂದ ದಿನ ನನಗೆ ಫೋನ್ ಮಾಡು, ಮುಂದಿನ ಶನಿವಾರವೇ ಬಂದು ಕಪಾಟಿನ ಮೂಲೆಯ ಮೊದಲ ಬಿಲ್ಲೆಯಿಂದ ನಿನ್ನ ಜೊತೆ ಕೂತು ತೊಳೆಯುತ್ತೇನೆ. ಮನೆಯವರಿಗೆ ನನ್ನ ನೆನಕೆಗಳನ್ನು ತಿಳಿಸು, ಮಗುವಿಗೆ ಮುತ್ತು.

ಇತಿ ನಿನ್ನ ಪ್ರೀತಿಯ
ಅಕ್ಕ